ಕಟ್ಟಿನ ಕೆಳಗಿನ ಚಿಗುರು

ನಮ್ಮ ಹಿತ್ತಲಿನ ಮಾವಿನ ಗಿಡವನ್ನು ಕಂಡವರೆಲ್ಲ ಹೊಗಳುತ್ತಾರೆ. ಬೆಟಗೇರಿಯಂಥ ಊರಿನಲ್ಲಿ, ಎಲ್ಲಿ ಬಾವಿ ತೋಡಿದರೂ ಸವಳು ನೀರೇ ಬರುವ ಓಣಿಯಲ್ಲಿ, ಇಷ್ಟು ದೊಡ್ಡ ಮಾವು ಹೇಗೆ ಬೆಳೆಸಿದಿರಿ ಎಂದು ಕೇಳುತ್ತಾರೆ. ಅದನ್ನು ನೆಡುವಾಗ ಗುಂಡಿಯ ಪಕ್ಕ ಕುಳಿತವಳು ನಾನು, ವರ್ಷಗಟ್ಟಲೆ ಅದಕ್ಕೆ ನೀರು ಹೊತ್ತವಳೂ ನಾನೇ. ಅದರ ಯೋಗ್ಯತೆ ನನಗೆ ಗೊತ್ತು. ನೆರಳಿನ ಮಟ್ಟಿಗೆ ಅದಕ್ಕೆ ಹೆಸರಿಡುವ ಹಾಗಿಲ್ಲ. ಉಳಿದದ್ದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಗಿಡ ತಂದವನು ನನ್ನ ಅಪ್ಪ. ನನ್ನ ತವರು ಲಕ್ಷ್ಮೇಶ್ವರ. ಊರ ಹೊರಗೆ ನಮ್ಮದೊಂದು ತೋಟ, ಅದರಲ್ಲಿ ಸಿಹಿನೀರಿನ ಬಾವಿ. ಅಪ್ಪನಿಗೆ ಕಸಿ ಕಟ್ಟುವ ಹುಚ್ಚು. ಜವಾರಿ ಎನ್ನುವ ನಾಟಿ ಮಾವಿನ ಸಸಿಗೆ ಆಪೂಸಿನ ಟೊಂಗೆ ಕೂಡಿಸಿ, ಬಾಳೆಯ ನಾರಿನಿಂದ ಸುತ್ತಿ, ಅದು ಹತ್ತಿತೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಅವನ ಮಾತೆಲ್ಲ ಆ ಸಸಿಗಳ ಜತೆಗೇ ಆಗಿತ್ತು. ನನ್ನನ್ನು ಬೆಟಗೇರಿಗೆ ಕೊಟ್ಟ ಮೊದಲ ವರ್ಷ, ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ, ಚಕ್ಕಡಿಯಲ್ಲಿ ಒಂದು ಕಸಿ ಸಸಿಯನ್ನು ಇಟ್ಟುಕೊಂಡು ಬಂದ. ಆಗ ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ಸಂಸ್ಥಾನದ ಊರುಗಳು. ಗದಗ-ಬೆಟಗೇರಿ ಮುಂಬಯಿ ಸರಕಾರದ ಆಡಳಿತಕ್ಕೆ ಸೇರಿದ್ದವು. ನಡುವೆ ಸುಂಕದ ನಾಕಾ. ನಾಕಾದವನು ಚಕ್ಕಡಿ ನಿಲ್ಲಿಸಿ ಇದೇನು ಮಾಲು ಎಂದು ಕೇಳಿದನಂತೆ. "ಮಾಲಲ್ಲೋ ಮಾರಾಯಾ, ಮಗಳ ಮನಿಗೆ ಗಿಡಾ ಒಯ್ಯಾಕತ್ತೇನಿ" ಎಂದು ಅಪ್ಪ ಹೇಳಿದನಂತೆ. ಅದನ್ನು ನನಗೆ ಹೇಳಿ ತಾನೇ ನಕ್ಕ.

ನಮ್ಮ ಹಿತ್ತಲದ್ದು ಎರೆಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಪ್ಪ ಮೊದಲೇ ಹೇಳಿ ಕಳಿಸಿದ್ದರಿಂದ ನಮ್ಮ ಮನೆಯವರು ಮಲ್ಲಸಮುದ್ರದ ಕಡೆಯಿಂದ ಒಂದು ಚಕ್ಕಡಿ ಕೆಂಪು ಮಣ್ಣು ತರಿಸಿದ್ದರು. ಅವರು ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆ, ತಾಯಿಯ ಮುಂದಂತೂ ಇಲ್ಲವೇ ಇಲ್ಲ. ಗುಂಡಿಗೆ ಕೆಂಪು ಮಣ್ಣು, ಬೂದಿ, ಹಳೆಯ ಗೊಬ್ಬರ ತುಂಬಿ ಅಪ್ಪ ಸಸಿ ನೆಟ್ಟ. ನೆಟ್ಟ ಮೇಲೆ ನನ್ನ ಬೆರಳು ಹಿಡಿದು ಕಸಿಗೆ ಸುತ್ತಿದ್ದ ನಾರಿನ ಕಟ್ಟಿನ ಮೇಲೆ ಇಟ್ಟ.

"ನೋಡ ಯವ್ವಾ, ಇದರ ಬುಡ ಜವಾರಿ, ತಲಿ ಆಪೂಸ. ಈ ಕಟ್ಟಿನ ಕೆಳಗ ಚಿಗುರು ಒಡದರ ಅವತ್ತ ಚಿವುಟಿ ಒಗೀಬೇಕು. ಕೆಳಗಿಂದು ಹುಳಿ, ಮ್ಯಾಲಿಂದು ಸಿಹಿ. ಕೆಳಗಿಂದು ಬೆಳೀತಂದ್ರ ಮ್ಯಾಲಿಂದು ಸಾಯತೈತಿ. ಇಷ್ಟ ನೆನಪಿಡು."

ಅತ್ತೆ ಹಿತ್ತಲ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದಳು. ಇಷ್ಟುದ್ದ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು "ಚಿವುಟು" ಎಂಬುದೊಂದೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಅತ್ತೆಯನ್ನು ಕೆಟ್ಟವಳೆಂದರೆ ನನ್ನ ನಾಲಿಗೆಗೆ ಹಗುರಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಹೆತ್ತ ಮಕ್ಕಳಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಂಡವಳು ಅವಳು. ಆ ಹಿತ್ತಲಿನಲ್ಲಿ ಅವಳು ಹಚ್ಚಿದ ನಿಂಬೆ, ದಾಳಿಂಬೆ ಯಾವುದೂ ಬದುಕಿರಲಿಲ್ಲ. ಸವಳು ನೀರಿಗೆ ಎಲೆ ಸುಟ್ಟು ಉದುರಿ ಹೋಗುತ್ತಿದ್ದವು. ಹೀಗಾಗಿ ಮಾವಿನ ಸಸಿಗೆ ಸಿಹಿನೀರೇ ಹಾಕಬೇಕೆಂದು ಅವಳೇ ಕಟ್ಟಪ್ಪಣೆ ಮಾಡಿದಳು. ಸಿಹಿನೀರಿನ ಬಾವಿ ಓಣಿಯ ಆಚೆ ತುದಿಯಲ್ಲಿ. ಕುಡಿಯುವ ನೀರಿನ ಜತೆಗೆ ಗಿಡದ ಕೊಡವನ್ನೂ ನಾನೇ ಹೊತ್ತೆ. ತಳಕ್ಕೆ ತೂತು ಹಾಕಿ ಬತ್ತಿ ಇಟ್ಟ ಗಡಿಗೆಯನ್ನು ಬುಡದ ಪಕ್ಕ ಹೂತು ಅದರಲ್ಲಿ ನೀರು ತುಂಬಿಡುತ್ತಿದ್ದೆವು. ಸುತ್ತ ಜಾಲಿಮುಳ್ಳು, ಮೇಲೆ ಬಿಸಿಲಿಗೆ ಹಳೆಯ ಗೋಣಿತಟ್ಟು. ದೀಪಾವಳಿಯ ಹೊತ್ತಿಗೆ ತುದಿಯಲ್ಲಿ ತಾಮ್ರದ ಬಣ್ಣದ ಎಲೆ ಬಂತು. ನನಗೂ ದಿನ ನಿಂತಿದ್ದವು. ಆ ಕೆಲವು ದಿನ ಮನೆಯಲ್ಲಿ ಎಲ್ಲರ ಮುಖದಲ್ಲೂ ನಗೆ ಇತ್ತು, ನನ್ನ ಮುಖದಲ್ಲಿ ಎಲ್ಲರಿಗಿಂತ ಹೆಚ್ಚು.

ಅದೇ ಹೊತ್ತಿಗೆ ಕಟ್ಟಿನ ಕೆಳಗೂ ಒಂದು ಚಿಗುರು ಒಡೆಯಿತು.

ಕಡ್ಲಿಕಾಳಿನಷ್ಟಿತ್ತು. ನಾನು ಕೂತು ಉಗುರು ಹಚ್ಚಿದೆ, ಅಷ್ಟರಲ್ಲಿ ಹಿಂದಿನಿಂದ ಅತ್ತೆ ನನ್ನ ಮುಂಗೈ ಹಿಡಿದಳು.

"ಹೊಟ್ಟಿಲೆ ಇದ್ದಾಕಿ ಹಸರು ಮುರೀತಾಳೇನ? ನಿನಗ ಯಾರೂ ಹೇಳಿಲ್ಲೇನು?"

"ಅತ್ತಿ, ನಮ್ಮಪ್ಪ ಹೇಳ್ಯಾನ್ರಿ. ಇದನ್ನ ಬಿಟ್ರ ಮ್ಯಾಲಿಂದು ಒಣಗತೈತಂತ."

"ನಿಮ್ಮಪ್ಪಗ ಗಿಡದ್ದ ಗೊತ್ತು, ಬಸರಿಂದೇನು ಗೊತ್ತು? ಹುಟ್ಟೂದನ್ನ ಚಿವುಟಿದ್ರ ಹುಟ್ಟೂದು ಉಳೀತೈತೇನು?"

ಬಸುರಿ ಇರುವ ಮನೆಯಲ್ಲಿ ಗಿಡ ಕಡಿಯಬಾರದು, ಹಸಿರು ಮುರಿಯಬಾರದು ಎಂಬುದು ನನಗೂ ಗೊತ್ತಿದ್ದದ್ದೇ. ಗಂಡನಾದವನು ಕಾಯಿ ಒಡೆಯುವಂತಿಲ್ಲ, ಕ್ಷೌರ ಮಾಡಿಸುವಂತಿಲ್ಲ. ನಮ್ಮ ಮನೆಯವರು ಗಡ್ಡ ಬಿಟ್ಟುಕೊಂಡು ಅಂಗಡಿಗೆ ಹೋಗಿ, ಹತ್ತಿ ತಂದ ರೈತರಿಂದ "ಯಾವ ಮಠರೀ ತಮ್ಮದು" ಎಂದು ಕೇಳಿಸಿಕೊಂಡು ಬರುತ್ತಿದ್ದರು. ಆದರೆ ಕಸಿ ಗಿಡಕ್ಕೆ ಕೆಳಗಿನ ಚಿಗುರು ತೆಗೆಯುವುದು ಕಡಿಯುವುದಲ್ಲ, ಅದು ಅದರ ಆರೈಕೆ. ಇದನ್ನು ನಾನು ಹೇಳಿದೆ. ಒಮ್ಮೆ ಮಾತ್ರ ಹೇಳಿದೆ. ಆ ಮೇಲೆ ನನಗೂ ಅಂಜಿಕೆ ಬಂತು. ಹೊಟ್ಟೆಯಲ್ಲಿ ಜೀವ ಮಿಸುಕತೊಡಗಿದ ಮೇಲೆ ಯಾವ ಹೆಣ್ಣು ಪಂಥ ಕಟ್ಟುತ್ತಾಳೆ? ನಾನು ಆ ಚಿಗುರನ್ನು ಬಿಟ್ಟೆ. ಬೇಸಿಗೆಯ ಹೊತ್ತಿಗೆ ಅದು ಮೇಲಿನ ಟೊಂಗೆಗೆ ಸಮನಾಗಿ ನಿಂತಿತು. ಎಷ್ಟಾದರೂ ಜವಾರಿ, ಅದಕ್ಕೆ ಲಾಲನೆ ಪಾಲನೆ ಬೇಕಿರಲಿಲ್ಲ. "ನೋಡು, ಗಿಡ ಮರಿ ಹಾಕೇತಿ" ಎಂದು ಅತ್ತೆ ಓಣಿಯವರಿಗೆಲ್ಲ ತೋರಿಸುತ್ತಿದ್ದಳು.

ಚೊಚ್ಚಲ ಹೆರಿಗೆಗೆ ಲಕ್ಷ್ಮೇಶ್ವರಕ್ಕೆ ಹೋದೆ. ಕೂಸು ಹುಟ್ಟುವಾಗಲೇ ಜೀವ ಇರಲಿಲ್ಲ. ಹೆಣ್ಣು.

ಅಪ್ಪ ಗಂಡಸು, ಅವನಿಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಪಡಸಾಲೆಯಲ್ಲಿ ಕೂತು, "ಗಿಡಾ ಹೆಂಗೈತಿ?" ಎಂದು ಕೇಳಿದ. ಚಿವುಟಿಲ್ಲ ಎಂದೆ. ಯಾಕೆಂದೂ ಹೇಳಿದೆ. "ಹೋದ ಕೂಡಲೇ ತಗದಬಿಡು. ಇನ್ನೂ ಹೊತ್ತು ಮೀರಿಲ್ಲ" ಎಂದ.

ತಿರುಗಿ ಬೆಟಗೇರಿಗೆ ಬಂದವಳು ಆ ಮಾತನ್ನೇ ಅತ್ತೆಯ ಮುಂದಿಟ್ಟೆ. ಈಗಂತೂ ನಾನು ಬಸುರಿಯಲ್ಲ, ಕುಡಗೋಲು ಕೊಡಿ ಎಂದೆ. ಅವಳು ಈ ತಿಂಗಳು ಹೋಗಲಿ ಎಂದಳು. ಮುಂದಿನ ತಿಂಗಳು, ಯಾರಿಗೆ ಗೊತ್ತು, ದಿನ ನಿಂತಿದ್ದರೆ ಎಂದಳು. ಮಗು ಬೇಕೆಂಬ ಮನೆಯಲ್ಲಿ ಸೊಸೆ ಬಸುರಿಯಲ್ಲ ಎಂದು ಖಾತ್ರಿಯಾಗಿ ಹೇಳುವ ದಿನ ಯಾವುದಿರುತ್ತದೆ? ಹೊರಗಾದ ದಿನಗಳಲ್ಲಿ ಖಾತ್ರಿ ಇತ್ತು, ಆದರೆ ಆಗ ಗಿಡ ಮುಟ್ಟುವಂತಿಲ್ಲ. ಇದನ್ನು ಮನೆಯವರಿಗೆ ಹೇಳಿದೆ. "ಅವ್ವನ ಮನಸಿಗೆ ಯಾಕ ನೋವು ಮಾಡ್ತಿ, ಒಂದು ಗಿಡದ ಸಲುವಾಗಿ" ಎಂದು ಅಂಗಿ ಹಾಕಿಕೊಂಡು ಹೊರಟರು. ನನಗೆ ಅವತ್ತು ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಅಷ್ಟರಲ್ಲಿ ಖರೆಯಾಗಿಯೇ ಮತ್ತೆ ದಿನ ನಿಂತವು.

ಸ್ವಾತಂತ್ರ್ಯ ಬಂದ ದಿನ ನಾನು ತುಂಬಿದ ಬಸುರಿ. ಗದಗಿನ ಪೇಟೆಯಲ್ಲಿ ಬಾವುಟ, ವಾದ್ಯ, ಮೆರವಣಿಗೆ. ಮನೆಯವರು ಪೇಡೆ ತಂದು ಎಲ್ಲರಿಗೂ ಹಂಚಿದರು. ನಾನು ಪೇಡೆ ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ನೋಡಿದರೆ ಆಪೂಸಿನ ಟೊಂಗೆಯ ಕೊನೆಯ ಎಲೆಗಳೂ ಮುದುರಿದ್ದವು. ಉಗುರಿನಿಂದ ಕೆರೆದು ನೋಡಬೇಕೆಂದರೂ ಕೈ ಬರಲಿಲ್ಲ, ಒಳಗೆ ಹಸಿರಿದ್ದರೆ ಅದನ್ನು ಮುರಿದಂತಾದೀತು ಎಂಬ ಅಂಜಿಕೆ. ಪಕ್ಕದಲ್ಲಿ ಕೆಳಗಿನ ಚಿಗುರು ನನ್ನ ಎದೆಮಟ್ಟ ನಿಂತಿತ್ತು.

ಈ ಸಲದ ಹೆರಿಗೆ ಬೆಟಗೇರಿಯಲ್ಲೇ ಆಯಿತು. ಗಂಡು. ಅತ್ತಿತು. ಅಳುವುದನ್ನು ಓಣಿಯೆಲ್ಲ ಕೇಳಿತು. ಅತ್ತೆ ಸಕ್ಕರೆ ಹಂಚಲು ಎದ್ದಳು. ಸಂಜೆಯ ಹೊತ್ತಿಗೆ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು, ದೀಪ ಹಚ್ಚುವುದರೊಳಗೆ ಹೋಯಿತು.

ಕೂಸು ಹೋದರೂ ಬಾಣಂತನ ಬಾಣಂತನವೇ. ಮೈ ಗಟ್ಟಿಯಾಗಬೇಕೆಂದು ಅತ್ತೆ ದಿನಾ ಹಂಡೆಗಟ್ಟಲೆ ನೀರು ಕಾಯಿಸಿ ನನ್ನ ಬೆನ್ನಿಗೆ ಹಾಕಿದಳು. ಅವಳೂ ಅಳುತ್ತಿದ್ದಳು, ಹಾಕುತ್ತಿದ್ದಳು. ಆ ಬಚ್ಚಲ ನೀರೆಲ್ಲ ಮೋರಿಯಿಂದ ಹೊರಬಿದ್ದು ಮಾವಿನ ಬುಡಕ್ಕೆ ಹೋಗುತ್ತಿತ್ತು. ಆ ಗಿಡ ಅದುವರೆಗೆ ಅಷ್ಟು ನೀರು ಕಂಡಿರಲಿಲ್ಲ. ನಾನು ಎದ್ದು ಹೊರಗೆ ಬರುವ ಹೊತ್ತಿಗೆ ಕಾಡುಚಿಗುರಿನ ತುಂಬ ಹೊಸ ಎಲೆ. ಕಟ್ಟಿನ ಮೇಲಿನದು ಒಣಗಿದ ಕಟ್ಟಿಗೆಯಾಗಿತ್ತು. ಅದನ್ನು ಮುಟ್ಟಿದೆ, ಮುರಿದು ಕೈಗೆ ಬಂತು. ಒಣಗಿದ್ದನ್ನು ಮುರಿಯಲು ಯಾರ ಅಡ್ಡಿಯೂ ಇರಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ನನ್ನ ಕೂಸುಗಳು ಉಳಿಯುವುದಿಲ್ಲ ಎಂದು ಅತ್ತೆ ತೀರ್ಮಾನಿಸಿದಳು. ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗಬಾರದೆಂದು ಮುಂಬಯಿ ಸರಕಾರದ ಕಾಯ್ದೆ ಬಂದಿತ್ತು. ಸಂಸ್ಥಾನದ ಊರಲ್ಲಿ ಆ ಕಾಯ್ದೆ ನಡೆಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಖರೆಯೋ ಸುಳ್ಳೋ, ನಮ್ಮ ಮನೆಗೆ ಅಷ್ಟು ಸಾಕಾಯಿತು. ಸಂಸ್ಥಾನಗಳೆಲ್ಲ ಇಂದೋ ನಾಳೆಯೋ ವಿಲೀನವಾಗುತ್ತವಂತೆ, ಆಮೇಲೆ ಅಲ್ಲೂ ಬಾಗಿಲು ಮುಚ್ಚುತ್ತದಂತೆ ಎಂದು ಅವಸರ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದಕ್ಕೆ ನನ್ನ ಮೇಲೆ ಸವತಿ ಇನ್ನಷ್ಟು ಜಲ್ದಿ ಬಂದಳು. ಶಿರಹಟ್ಟಿಯ ಹುಡುಗಿ, ಶಿರಹಟ್ಟಿಯಲ್ಲೇ ಮದುವೆ. ನನ್ನನ್ನು ಯಾರೂ ಕೇಳಲಿಲ್ಲ. ಮನೆಯವರು ಹೊರಡುವ ಮುಂಚೆ ಹಿತ್ತಲಿಗೆ ಬಂದು, "ಅವ್ವ ಬಿಡವಲ್ಲಳು" ಎಂದರು. ನಾನು ಗಡಿಗೆಗೆ ನೀರು ತುಂಬುತ್ತಿದ್ದೆ. ತುಂಬುತ್ತಲೇ ಇದ್ದೆ, ಅದು ತುಂಬಿ ಹೊರಗೆ ಹರಿಯಿತು.

ಸುದ್ದಿ ಮುಟ್ಟಿ ಅಪ್ಪ ಬಂದ. ಒಳಗೆ ಬಂದು ನೀರು ಸಹ ಕುಡಿಯದೆ ನೇರ ಹಿತ್ತಲಿಗೆ ನಡೆದ. ಕುಕ್ಕುರುಗಾಲಿನಲ್ಲಿ ಕೂತು, ಬಾಳೆಯ ನಾರು ಕೊಳೆತು ಉಳಿದಿದ್ದ ಗುರುತಿನ ಮೇಲೆ ಕೈಯಾಡಿಸಿದ.

"ಒಂದ ಮಾತು ಹೇಳಿದ್ನೆಲ್ಲವ್ವಾ. ಒಂದನ್ನರ ಚಿವುಟಬಾರದಾಗಿತ್ತೇನು?"

ಅವನಿಗೆ ಹೇಳಬೇಕಾಗಿದ್ದದ್ದು ಬೇರೆ. ಅದನ್ನು ಬೀಗರ ಮುಂದೆ ಹೇಳುವ ಧೈರ್ಯವಿರಲಿಲ್ಲ, ಗಿಡದ ಮೇಲೆ ಸಿಟ್ಟು ತೀರಿಸಿಕೊಂಡ. ನನಗದು ತಿಳಿಯುತ್ತಿತ್ತು, ಆದರೂ ನೊಂದೆ. ನಡಿ ಊರಿಗೆ ಎಂದ. ನಾನು ಹೋಗಲಿಲ್ಲ. ಹೋದರೆ ತಿರುಗಿ ಕರೆಯಲು ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಹುಟ್ಟಿದ ಮನೆ ಹೋಳಿಹುಣ್ಣಿಮೆ, ಕೊಟ್ಟ ಮನೆ ಶಿವರಾತ್ರಿ ಎನ್ನುತ್ತಾರೆ. ಅವ್ವನಿಲ್ಲದ ತವರಿನಲ್ಲಿ ಹೋಳಿಹುಣ್ಣಿಮೆ ಎಲ್ಲಿಯದು? ಉಪವಾಸ ಇಲ್ಲಿಯೇ ಮಾಡಿದರಾಯಿತು ಎಂದುಕೊಂಡೆ.

ಶಿರಹಟ್ಟಿಯ ಹುಡುಗಿ ಒಳ್ಳೆಯವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನನ್ನ ಕೈಯಿಂದ ಕೊಡ ಇಸಿದುಕೊಳ್ಳುತ್ತಿದ್ದಳು. ಕೆಟ್ಟವಳಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ಬಸುರಿಯಾದಳು. ಹಸಿರು ಮುರಿಯುವಂತಿಲ್ಲ ಎಂಬ ಕಟ್ಟು ಮತ್ತೆ ಬಂತು. ಅಷ್ಟರಲ್ಲಿ ಆ ಗಿಡವನ್ನು ಬುಡಸಹಿತ ಕಡಿದು ಒಲೆಗಿಡಬೇಕೆಂದು ನನಗೆ ಎಷ್ಟೋ ಸಲ ಅನಿಸಿತ್ತು. ಉಳಿಸಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಆದರೂ ಆ ತಿಂಗಳುಗಳಲ್ಲಿ ನಾನು ಒಂದೆಲೆ ಕೀಳಲಿಲ್ಲ. ಹಬ್ಬಕ್ಕೆ ತೋರಣದ ತೊಪ್ಪಲನ್ನೂ ಬೇರೆ ಮನೆಯಿಂದ ತಂದೆ. ಅತ್ತೆಯ ನಂಬಿಕೆ ನನಗಿರಲಿಲ್ಲ. ಆದರೆ ಅಕಸ್ಮಾತ್ ಖರೆಯಾಗಿದ್ದರೆ, ಆ ಹುಡುಗಿ ನನಗೇನು ಮಾಡಿದ್ದಳು?

ಅವಳಿಗೆ ಶಿರಹಟ್ಟಿಯಲ್ಲಿ ಗಂಡು ಹುಟ್ಟಿತು. ಉಳಿಯಿತು.

ಕೂಸನ್ನು ಬೆಟಗೇರಿಗೆ ಕರೆತಂದು ತೊಟ್ಟಿಲಿಗೆ ಹಾಕಿದ ದಿನ ಮನೆ ತುಂಬ ಹೆಂಗಸರು. ಮುಂಡರಗಿಯಿಂದ ಬಂದಿದ್ದ ಅತ್ತೆಯ ತಂಗಿ, "ಅಂತೂ ಈ ಮನ್ಯಾಗ ಕೂಸು ಉಳೀತಲ್ಲಕ್ಕ" ಎಂದಳು. ಅತ್ತೆ ತೊಟ್ಟಿಲು ತೂಗುತ್ತ, ನಾನು ಅಲ್ಲೇ ಎಲೆ ಅಡಕೆಯ ತಾಟು ಹಿಡಿದು ನಿಂತಿರುವಾಗ, ಹೇಳಿದಳು:

"ಈ ಸಲ ಒಂದ ಎಲಿನೂ ಯಾರೂ ಮುರೀಲಿಲ್ಲವ್ವಾ, ನಾನ ಕಾದೇನಿ. ಆವಾಗ ಕಾಯೂದ್ರಾಗ ಎಲ್ಲೋ ತಪ್ಪಿತು. ಈಕಿ ಅಪ್ಪ ಬಂದು ಚಿವುಟು ಚಿವುಟು ಅಂತ ಹೇಳಿ ಹೋಗಿದ್ದ. ನನ್ನ ಕಣ್ಣ ತಪ್ಪಿಸಿ ಚಿವುಟಿರಬೇಕು. ಎರಡು ಕೂಸು ಹೋದವು."

ಸಿಟ್ಟಿನಿಂದ ಹೇಳಲಿಲ್ಲ. ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನದಿಂದ ಹೇಳಿದಳು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ತಾಟು ಕೆಳಗಿಟ್ಟು, ಅವರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋಗಿ ಬುಡ ತೋರಿಸಿದೆ. ನೋಡಿರಿ, ಕಟ್ಟು ಇಲ್ಲಿತ್ತು, ಈ ಗಿಡವೆಲ್ಲ ಕಟ್ಟಿನ ಕೆಳಗಿನಿಂದಲೇ ಬಂದದ್ದು, ನಾನು ಚಿವುಟಿದ್ದರೆ ಇದು ಇರುತ್ತಿತ್ತೇ ಎಂದೆ. ಅವರು ಗಿಡವನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟ ಛಂದ ಬೆಳದೈತಲ್ಲವಾ, ಇದಕ್ಕೇನಾಗೇತಿ?" ಎಂದಳು ಮುಂಡರಗಿಯವಳು.

ಅಪ್ಪನಿಗೆ ನಾನು ಚಿವುಟದವಳು, ಇವರಿಗೆ ಚಿವುಟಿದವಳು. ಅತ್ತ ದರಿ ಇತ್ತ ಪುಲಿ. ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ನಿಜ ಗೊತ್ತಿತ್ತು. "ಬಿಡು, ಆದದ್ದಾತು" ಎಂದು ಅಷ್ಟೇ ಹೇಳಿದರು.

ಅವತ್ತೇ ನಾನು ಒಂದು ನಿಶ್ಚಯ ಮಾಡಿದೆ. ಗಿಡ ಕಡಿಯುವ ಮಾತು ಬಿಟ್ಟೆ. ಇದಕ್ಕೆ ಕಾಯಿ ಬಿಡಲಿ, ಹಣ್ಣಾಗಲಿ. ಇವರೆಲ್ಲ ಒಮ್ಮೆ ತಿನ್ನಲಿ. ಹುಳಿ ನಾಲಿಗೆಗೆ ಹತ್ತಿದಾಗ ಇದು ಆಪೂಸಲ್ಲ, ಕೆಳಗಿನ ಚಿಗುರಿನದು, ಇವಳು ಒಂದನ್ನೂ ಚಿವುಟಿರಲಿಲ್ಲ ಎಂದು ತಿಳಿಯುತ್ತದೆ. ನನ್ನ ಕೂಸುಗಳನ್ನು ನಾನು ಕೊಂದಿಲ್ಲ ಎಂದು ಹೇಳಲು ನನಗೆ ಬೇರೆ ಸಾಕ್ಷಿ ಇರಲಿಲ್ಲ.

ಹಾಗಾಗಿ ಸಾಕಿದೆ. ಬೇಸಿಗೆಗೆ ಸಿಹಿನೀರು ಹೊತ್ತೆ. ಬುಡಕ್ಕೆ ಗೆದ್ದಲು ಹತ್ತಿದಾಗ ಬೇವಿನ ಹಿಂಡಿ ಹಾಕಿದೆ, ಆಡು ಬಾಯಿ ಹಾಕದಂತೆ ವರ್ಷವರ್ಷ ಮುಳ್ಳು ಬದಲಿಸಿದೆ. ಶಿರಹಟ್ಟಿಯ ಹುಡುಗಿಗೆ ಮತ್ತೆ ಮಕ್ಕಳಾದವು, ಅವೆಲ್ಲ ನನ್ನನ್ನು ದೊಡ್ಡವ್ವ ಎಂದು ಕರೆದವು. ನನಗೆ ಮತ್ತೆ ಆಗಲಿಲ್ಲ. ಹೂವು ಬಂದು ಉದುರಿದ ವರ್ಷವೂ ಇತ್ತು, ಆಗ ಊಟ ಸೇರಲಿಲ್ಲ. ಅದರ ನಡುವೆ ಅಪ್ಪ ತೀರಿಕೊಂಡ. ಆ ಗಿಡದ ಬುಡ ನೋಡಿ ನಡೆದದ್ದೇನೆಂದು ಓದಬಲ್ಲವನು ಅವನೊಬ್ಬನೇ ಇದ್ದ.

ಕರ್ನಾಟಕ ಒಂದಾಗುತ್ತದೆ ಎಂದು ಊರೆಲ್ಲ ಮಾತಾಡುತ್ತಿದ್ದ ಆ ವರ್ಷದ ಬೇಸಿಗೆಯಲ್ಲಿ ಕಾಯಿ ನಿಂತವು. ಕಿತ್ತು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡಿದೆ. ಬಣ್ಣ ಚೆನ್ನಾಗಿ ಬಂತು. ದೇವರ ಮುಂದೆ ಒಂದಿಟ್ಟು, ಇನ್ನೊಂದನ್ನು ತೊಳೆದು ಅತ್ತೆಯ ಕೈಗೆ ಕೊಟ್ಟೆ. ಅವಳಿಗೆ ಆಗ ಕಣ್ಣು ಮಂದವಾಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು. ಪಡಸಾಲೆಯಲ್ಲಿ ಮನೆಯವರೂ ಶಿರಹಟ್ಟಿಯವಳೂ ಮಕ್ಕಳೂ ಕೂತಿದ್ದರು. ಎಲ್ಲರೂ ಇರುವಾಗಲೇ ಕೊಡಬೇಕೆಂದು ಕಾದಿದ್ದೆ.

ಅತ್ತೆ ಕಚ್ಚಿದಳು. ಮುಖ ಕಿವುಚಿ, ಸಿಪ್ಪೆಯನ್ನು ಕೈಗೆ ಉಗುಳಿದಳು.

"ಥೂ, ಹುಳಿ."

"ಹೌದ್ರಿ ಅತ್ತಿ" ಎಂದೆ ನಾನು. "ಆಪೂಸ ಹುಳಿ ಇರೂದಿಲ್ರಿ. ಇದು ಕಟ್ಟಿನ ಕೆಳಗಿನ ಚಿಗುರಿನ ಹಣ್ಣು. ನಾ ಅದನ್ನ ಚಿವುಟಿದ್ದರ ಇದು ಸಿಹಿ ಆಗತಿತ್ತು. ನಾ ಚಿವುಟಿದ್ದಿಲ್ಲ. ಒಂದನ್ನೂ ಚಿವುಟಿದ್ದಿಲ್ಲ."

ಅಷ್ಟು ವರ್ಷ ಮನಸ್ಸಿನಲ್ಲಿ ಹೇಳಿ ಹೇಳಿ ಸವೆದ ಮಾತು, ಒಂದಕ್ಷರ ತಪ್ಪದೆ ಹೇಳಿದೆ. ಅತ್ತೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ನಾನು ಹೇಳಿದ್ದನ್ನು ಕೇಳಿಸಿಕೊಂಡಳು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಹಣ್ಣನ್ನು ತಾಟಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಬಂಜಿ ಕೈಯಾಗಿನ ನೀರು ಕುಡದ ಬೆಳದ ಗಿಡ, ಹುಳಿ ಆಗದ ಏನಾಗತೈತವ್ವಾ? ಇರಲಿ. ಮುಂದಿನ ಸಲ ಕಾಯಿ ಇದ್ದಾಗನ ಕಿತ್ತುಬಿಡು, ಉಪ್ಪಿನಕಾಯಿಗೆ ಛಲೋ ಆಗತೈತಿ."

ಶಿರಹಟ್ಟಿಯವಳು ತಲೆ ತಗ್ಗಿಸಿದಳು. ಮನೆಯವರು ಎದ್ದು ಚಪ್ಪಲಿ ಹುಡುಕಿದರು. ಹಿರಿಯ ಹುಡುಗ ತಾಟಿನಲ್ಲಿದ್ದ ಹಣ್ಣನ್ನು ಎತ್ತಿಕೊಂಡು, "ದೊಡ್ಡವ್ವಾ, ಇದಕ್ಕ ಉಪ್ಪು ಖಾರ ಹಚ್ಚಿಕೊಡು" ಎಂದ. ನಾನು ಒಳಗೆ ಹೋಗಿ ಈಳಿಗೆ ತಂದು ಹೆಚ್ಚಿ, ಉಪ್ಪು ಖಾರ ಹಚ್ಚಿ ಕೊಟ್ಟೆ. ಅವನು ಗೊರಟೆ ಬಿಳಿಯಾಗುವ ತನಕ ಚೀಪಿದ.

ಮಳೆಗಾಲ ಮುಗಿದ ಮೇಲೆ ನಾಡು ಒಂದಾಯಿತು. ಮತ್ತೆ ಬಾವುಟ, ಮೆರವಣಿಗೆ, ಮತ್ತೆ ಪೇಡೆ. ಲಕ್ಷ್ಮೇಶ್ವರ, ಬೆಟಗೇರಿ ಎಲ್ಲ ಮುಂಬಯಿ ಬಿಟ್ಟು ಕನ್ನಡ ರಾಜ್ಯದೊಳಗೆ ಬಂದವು. ಅಪ್ಪನ ಚಕ್ಕಡಿ ನಿಲ್ಲಿಸಿದ ನಾಕಾ ಯಾವತ್ತೋ ಹೋಗಿತ್ತು. ಲಕ್ಷ್ಮೇಶ್ವರಕ್ಕೆ ಹೋಗಿ ಕಾಣಬೇಕಾದವರೂ ಯಾರೂ ಉಳಿದಿರಲಿಲ್ಲ.

ಗಿಡಕ್ಕೆ ನೀರು ಹಾಕುವುದನ್ನು ಆ ಬೇಸಿಗೆಯಲ್ಲೇ ನಿಲ್ಲಿಸಿದ್ದೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಒಣಗುತ್ತದೆಯೇ ಎಂದು ಮುಂದಿನ ಯುಗಾದಿಯ ತನಕ ನೋಡಿದೆ. ಬೇರು ಯಾವಾಗಲೋ ಆಳಕ್ಕೆ ಇಳಿದಿತ್ತು, ಸವಳು ನೀರೂ ಅದಕ್ಕೆ ಒಗ್ಗಿತ್ತು. ನನ್ನ ಕೊಡ ನಿಂತದ್ದು ಅದಕ್ಕೆ ಗೊತ್ತೂ ಆಗಲಿಲ್ಲ. ಆ ವರ್ಷ ಹಿಂದಿನದಕ್ಕಿಂತ ಹೆಚ್ಚು ಕಾಯಿ ಬಿಟ್ಟಿತು.